ನರ್ಸಮ್ಮನ್ನ ಕೇಳಿ: ಗೊತ್ತಿದ್ದೂ ಬಿಡೋಕಾಗಲ್ಲ ಯಾಕೆ?

ಈ ಸಲ ಬಂದ ಪತ್ರಗಳನ್ನೆಲ್ಲ ಚಾಪೆ ಮೇಲೆ ಹರಡಿಕೊಂಡು ಕೂತಿದ್ದೆ. ಶುಗರ್, ಬಿಪಿ, ಬೊಜ್ಜು, ಅಡಿಕೆ. ಬರೆದವರು ಬೇರೆ ಬೇರೆ ಊರಿನವರು, ಆದರೆ ಅರ್ಧಕ್ಕರ್ಧ ಪತ್ರದಲ್ಲಿ ಒಂದೇ ಸಾಲು: 'ಹೇಳಿ ಹೇಳಿ ಸಾಕಾಯ್ತು, ಕೇಳಲ್ಲ.' ಓದಿ ನಗು ಬಂತು. ದಾವಣಗೆರೆ ಸುತ್ತಲಿನ ಹಳ್ಳಿಗಳಲ್ಲಿ 33 ವರ್ಷ ಆರೋಗ್ಯ ಸಹಾಯಕಿಯಾಗಿ ಇದೇ ಮಾತು ಆಡಿಕೊಂಡು ತಿರುಗಿದವಳು ನಾನು. ರಿಟೈರ್ ಆಗಿ ಆರು ವರ್ಷವಾದರೂ ಜನ ನರ್ಸಮ್ಮ ಅಂತಲೇ ಕರೆಯುತ್ತಾರೆ. ಒಂದು ಮಾತು: ಮಾತ್ರೆ ಬದಲಿಸಲಾ, ಡೋಸ್ ಎಷ್ಟು ಅಂತ ನನಗೆ ಬರೆಯಬೇಡಿ. ಅದು ಡಾಕ್ಟರ ಕೆಲಸ. ಮನೆಯೊಳಗಿನ ಕಥೆ ಬರೆಯಿರಿ, ಅದು ನನಗೆ ಗೊತ್ತಾಗುತ್ತೆ.

ಪ್ರಶ್ನೆ: ನಾವು ಐದು ಜನ ಗೆಳೆಯರು, ಎಲ್ಲರೂ ಐವತ್ತು ದಾಟಿದವರು. ದಿನಾ ಬೆಳಗ್ಗೆ ಕುಂದವಾಡ ಕೆರೆಯಲ್ಲಿ ಮುಕ್ಕಾಲು ಗಂಟೆ ವಾಕಿಂಗ್ ಮಾಡುತ್ತೇವೆ. ಒಂದು ವರ್ಷವಾಯ್ತು, ಯಾರ ತೂಕವೂ ಇಳಿದಿಲ್ಲ. ಏನು ತಪ್ಪಾಗಿದೆ?
– ವಾಕಿಂಗ್ ಬಳಗ, ಎಂಸಿಸಿ ಬಿ ಬ್ಲಾಕ್

ವಾಕಿಂಗ್ ಮುಗಿಸಿ ಎಲ್ಲಿಗೆ ಹೋಗುತ್ತೀರಿ ಅಂತ ನೀವು ಬರೆದಿಲ್ಲ. ಬರೆಯೋದು ಬೇಡ, ನಾನೂ ಅದೇ ಕೆರೆಯಲ್ಲಿ ನಡೆಯುವವಳು. ಏಳೂವರೆ ಹೊತ್ತಿಗೆ ಬೆಣ್ಣೆ ದೋಸೆ ಹೋಟೆಲ್ ಮುಂದೆ ನಿಂತವರ ಕಾಲಲ್ಲಿ ಎಷ್ಟು ವಾಕಿಂಗ್ ಶೂ ಇರುತ್ತವೆ ಅಂತ ದಿನಾ ನೋಡುತ್ತೇನೆ.

ಲೆಕ್ಕ ಸುಲಭ. ಎಪ್ಪತ್ತು ಕೆಜಿ ಮನುಷ್ಯ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಹೆಚ್ಚೂಕಡಿಮೆ 200 ಕ್ಯಾಲೊರಿ ಖರ್ಚಾಗುತ್ತೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ 100 ಕ್ಯಾಲೊರಿ ಇದೆ. ನಮ್ಮೂರಲ್ಲಿ ಒಂದು ಚಮಚಕ್ಕೆ ಕೈ ನಿಲ್ಲಿಸುವ ದೋಸೆ ಭಟ್ಟರನ್ನು ನಾನಂತೂ ಕಂಡಿಲ್ಲ. ಇನ್ನು ದೋಸೆ, ಆಲೂಗಡ್ಡೆ ಪಲ್ಯ, ಕೊನೆಗೆ ಸಕ್ಕರೆ ಹಾಕಿದ ಕಾಫಿ.

ಹಾಗಂತ ವಾಕಿಂಗ್ ಬಿಡಬೇಡಿ. ತೂಕ ಇಳಿಯದಿದ್ದರೂ ನಡಿಗೆಯಿಂದ ಬಿಪಿಗೆ, ಶುಗರಿಗೆ, ನಿದ್ದೆಗೆ ಲಾಭ ಇದ್ದೇ ಇದೆ. ವಾರಕ್ಕೆ 150 ನಿಮಿಷವಾದರೂ ನಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ನೀವು ಅದನ್ನು ಆಗಲೇ ದಾಟಿದ್ದೀರಿ. ನಿಮಗೆ ಬೇಕಿರೋದು ಹರಟೆ, ದೋಸೆ ಅದರ ನೆಪ ಅಂತ ನನ್ನ ಗುಮಾನಿ. ಸರದಿ ಹಾಕಿಕೊಳ್ಳಿ. ದಿನಕ್ಕೊಬ್ಬರ ಮನೆ ಜಗಲಿಯಲ್ಲಿ ಸಕ್ಕರೆ ಇಲ್ಲದ ಚಹಾ, ಹರಟೆ ಎಷ್ಟು ಬೇಕಾದರೂ. ದೋಸೆ ಭಾನುವಾರಕ್ಕಿರಲಿ. ಬೆಣ್ಣೆ ಕಡಿಮೆ ಹಾಕಿ ಅಂತ ಭಟ್ಟರಿಗೆ ಹೇಳೋ ಧೈರ್ಯ ನಿಮಗಿದ್ದರೆ ಇನ್ನೂ ಒಳ್ಳೆಯದು. ನನಗಿಲ್ಲ.

ಪ್ರಶ್ನೆ: ಅತ್ತೆಗೆ 58 ವರ್ಷ, ತೂಕ 72 ಕೆಜಿ. ಖಾಲಿ ಹೊಟ್ಟೆಯ ಶುಗರ್ 114 ಬಂದಿದೆ. ಡಾಕ್ಟರು 'ಬಾರ್ಡರ್‌ನಲ್ಲಿದೆ, ತೂಕ ಇಳಿಸಿ' ಅಂದರು. ಅತ್ತೆ ಹೂಂ ಅಂದು ಬಂದರು. ಸಂಜೆ ಮಾವ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಾರೆ, ಇಬ್ಬರೂ ಟಿವಿ ಮುಂದೆ ಕೂತು ತಿನ್ನುತ್ತಾರೆ. ನಾನು ಬಾಯಿ ಬಿಟ್ಟರೆ 'ತಿನ್ನೋದಕ್ಕೂ ಲೆಕ್ಕ ಇಡ್ತಾಳೆ' ಅನ್ನೋ ಮಾತು ಬರುತ್ತೆ. ಅವರಿಗೆ ಹೇಗೆ ತಿಳಿಸಿ ಹೇಳಲಿ?
– ಒಬ್ಬ ಸೊಸೆ, ವಿನೋಬನಗರ

ತಿಳಿಸಿ ಹೇಳೋದು ಬೇಡ ತಾಯಿ. ನಿಮ್ಮ ಅತ್ತೆಗೆ ತಿಳಿದಿದೆ.

ಮೊದಲು ಆ 114ರ ಅರ್ಥ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 126 ಮತ್ತು ಮೇಲೆ ಇದ್ದರೆ, ಇನ್ನೊಮ್ಮೆ ನೋಡಿ ಸಕ್ಕರೆ ಕಾಯಿಲೆ ಅಂತ ಹೇಳುತ್ತಾರೆ. ನಡುವೆ ಇರೋದು ಬಾರ್ಡರ್. ಬಾರ್ಡರ್ ಅಂದರೆ ಏನೂ ಆಗಿಲ್ಲ ಅಂತ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಚೆನ್ನೈನ ಡಾಕ್ಟರುಗಳು ಇಂಥ 531 ಜನರನ್ನು ಸುಮಾರು ಮೂರು ವರ್ಷ ನೋಡಿಕೊಂಡು 2006ರಲ್ಲಿ ವರದಿ ಕೊಟ್ಟರು. ಮಾಮೂಲಿ ಸಲಹೆ ಪಡೆದು ಹೋದವರಲ್ಲಿ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂದೇಬಿಟ್ಟಿತು. ಊಟ, ನಡಿಗೆ ಬದಲಾಯಿಸಿಕೊಂಡವರಲ್ಲಿ ನೂರಕ್ಕೆ 39 ಜನಕ್ಕೆ ಬಂತು. ಎರಡನೇ ಗುಂಪಿನವರನ್ನು ಚೀಟಿ ಕೊಟ್ಟು ಸುಮ್ನೆ ಕಳಿಸಿರಲಿಲ್ಲ, ಮತ್ತೆ ಮತ್ತೆ ಮಾತಾಡಿಸಿದ್ದರು. ಆ ಮಾತಾಡಿಸುವ ಕೆಲಸ ನಿಮ್ಮ ಮನೆಯಲ್ಲಿ ಯಾರದ್ದು? ಸೊಸೆಯದ್ದಂತೂ ಅಲ್ಲ, ಅದನ್ನು ನೀವೇ ಬರೆದಿದ್ದೀರಿ. ನಿಮ್ಮ ಯಜಮಾನರಿಗೆ ಒಪ್ಪಿಸಿ. ತಾಯಿಗೆ ಮಗ ಹೇಳಿದರೆ ಅದು ಅಕ್ಕರೆ, ಸೊಸೆ ಹೇಳಿದರೆ ಲೆಕ್ಕ. ನ್ಯಾಯ ಅಲ್ಲ, ಆದರೆ ನಮ್ಮ ಮನೆಗಳು ಇರೋದು ಹಾಗೆ.

ಹೆದರಿಸಲೂ ಬೇಡಿ. ನನ್ನದೊಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿ ಆಗಿನ್ನೂ ಹತ್ತು ವರ್ಷ. ಗ್ಯಾಂಗ್ರಿನ್ ಆಗಿ ಕಪ್ಪಾದ ಕಾಲಿನ ಫೋಟೋ ಇದ್ದ ಒಂದು ಚಾರ್ಟ್ ನನ್ನ ಬ್ಯಾಗಿನಲ್ಲಿತ್ತು. ಶುಗರ್ ಇರುವ ಒಬ್ಬ ಹೆಂಗಸಿನ ಮುಂದೆ ಅದನ್ನು ಬಿಚ್ಚಿ, 'ಮಾತ್ರೆ ತಗೊಳ್ಳದಿದ್ರೆ ನೋಡು, ಹಿಂಗಾಗುತ್ತೆ' ಅಂದೆ. ಆಕೆ ಸೆರಗು ಕಣ್ಣಿಗೆ ಅಡ್ಡ ಹಿಡಿದು ನಕ್ಕಳು. ಕೆಲಸ ಆಯ್ತು ಅಂದುಕೊಂಡೆ. ಅವತ್ತಿನಿಂದ ನಾನು ಆ ಓಣಿಗೆ ಹೋದರೆ ಆಕೆ ಹಿತ್ತಲ ಬಾಗಿಲಿಂದ ಹೊರಗೆ ಹೋಗುತ್ತಿದ್ದಳು. ಎರಡು ವರ್ಷ ಬಿಟ್ಟು ತಾನಾಗಿಯೇ ಬಂದಳು, ಪಾದದಲ್ಲಿ ಒಣಗದ ಗಾಯ. 'ಅದನ್ನ ತೋರಿಸಿದ್ರಲ್ಲ ಅಮ್ಮಾ, ಆಮೇಲೆ ನಿಮ್ ಮುಖ ನೋಡಾಕೇ ಹೆದರಿಕೆ ಆತು' ಅಂದಳು. ಆ ಚಾರ್ಟ್ ಮತ್ತೆ ಬಿಚ್ಚಲಿಲ್ಲ.

ಈಗ ಮಂಡಕ್ಕಿ. ನಿಮ್ಮ ಮನೆಯಲ್ಲಿ ಬದಲಾಗಬೇಕಿರೋದು ಮಾವನ ಕೈಚೀಲ. ಚೀಲದಲ್ಲಿ ಬಂದ ಮೇಲೆ ತಿನ್ನಬೇಡಿ ಅನ್ನೋಕೆ ಯಾರಿಂದಲೂ ಆಗಲ್ಲ, ಎಣ್ಣೆಗೆ ಬಿದ್ದ ಮೆಣಸಿನಕಾಯಿ ವಾಸನೆಗೆ ನಾನೂ ಸೋಲುತ್ತೇನೆ. ಮಾವನಿಗೆ ಒಂದು ಕೆಲಸ ವಹಿಸಿ: ಬರುವಾಗ ಸೌತೆಕಾಯಿ, ಟೊಮೆಟೊ, ಈರುಳ್ಳಿ, ಕೊತ್ತಂಬರಿ ತನ್ನಿ ಅಂತ. ಮಂಡಕ್ಕಿ ಮನೆಯಲ್ಲೇ ಕಲೆಸಿ. ಮಂಡಕ್ಕಿ ಹಗುರ ಅಂತ ಬುಟ್ಟಿಗಟ್ಟಲೆ ತಿನ್ನುತ್ತೇವೆ, ಆದರೆ ಅದು ಅಕ್ಕಿಯೇ, ಶುಗರ್ ಬೇಗ ಏರಿಸುತ್ತೆ. ಅರ್ಧ ಮಂಡಕ್ಕಿ, ಇನ್ನರ್ಧ ಮೊಳಕೆ ಹೆಸರುಕಾಳು, ಹೆಚ್ಚಿದ ತರಕಾರಿ, ಒಂದು ಹಿಡಿ ಶೇಂಗಾ. ಮಿರ್ಚಿ ಸಂತೆ ದಿನಕ್ಕೊಂದು, ಇಬ್ಬರಿಗೂ ಸೇರಿ.

ಅತ್ತೆಗೆ ಬೇರೆ ಅಡುಗೆ ಮಾಡಬೇಡಿ. ಎಲ್ಲರ ತಟ್ಟೆಯಲ್ಲಿ ಅನ್ನ, ಒಬ್ಬರ ತಟ್ಟೆಯಲ್ಲಿ ಮಾತ್ರ ಪಥ್ಯ ಅಂದರೆ ಅದು ಶಿಕ್ಷೆ. ಮೊದಲು ಪಲ್ಯ, ಕೋಸಂಬರಿ ಬಡಿಸಿ, ಆಮೇಲೆ ಅನ್ನ. ಅನ್ನದ ಸೌಟು ಚಿಕ್ಕದು ಮಾಡಿ, ಯಾರಿಗೂ ಹೇಳಬೇಡಿ. ರಾತ್ರಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲಿ ನಡೆದು ಬರಲಿ, ಮೊಮ್ಮಕ್ಕಳನ್ನು ಜೊತೆಗೆ ಕಳಿಸಿ. ಗುರಿ ಐದು ಕೆಜಿ. ಅಷ್ಟೇ. ಐವತ್ತೈದು ಕೆಜಿಗೆ ಬರಬೇಕು ಅಂದರೆ ಅವರು ಮೊದಲ ದಿನವೇ ಕೈ ಚೆಲ್ಲುತ್ತಾರೆ. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನಗೆ 43. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಕ್ಯಾಂಪಿನಲ್ಲಿ ಬಿಪಿ 152/98 ಬಂತು. ಆಸ್ಪತ್ರೆಯಲ್ಲಿ ಎರಡು ಸಲ ನೋಡಿದಾಗಲೂ ಹಾಗೇ ಇತ್ತು. ಮಾತ್ರೆ ಕೊಟ್ಟರು. ಒಂದೂವರೆ ತಿಂಗಳಿಗೆ 126/82 ಆಯ್ತು, ನಿಲ್ಲಿಸಿಬಿಟ್ಟೆ. ನನಗೆ ತಲೆನೋವು, ತಲೆಸುತ್ತು ಏನೂ ಇಲ್ಲ. ಒಮ್ಮೆ ಹಿಡಿದರೆ ಜೀವನ ಪೂರ್ತಿ ತಿನ್ನಬೇಕು ಅಂತಾರಲ್ಲ, ಹೌದಾ?
– ಹರಿಹರದ ಓದುಗ

ನಿಮ್ಮ ಪತ್ರ ಎರಡು ಸಲ ಓದಿದೆ. ನಮ್ಮ ಯಜಮಾನರೇ ಬರೆದ ಹಾಗಿತ್ತು.

ಅವರು ಬಸ್ ಕಂಡಕ್ಟರ್ ಆಗಿದ್ದರು. ಬಿಪಿ ಇತ್ತು, ಮಾತ್ರೆ ಇತ್ತು, ಮನೆಯಲ್ಲಿ ನರ್ಸ್ ಹೆಂಡತಿ ಇದ್ದಳು. ದಿನಾ ಬೆಳಗ್ಗೆ 'ಮಾತ್ರೆ ತಗೊಂಡ್ರಾ?' ಅಂತ ಕೇಳುತ್ತಿದ್ದೆ, 'ಹೂಂ' ಅನ್ನುತ್ತಿದ್ದರು. ಊರಿಗೆಲ್ಲ ಬಿಪಿ ನೋಡುವವಳು ಮನೆಯಲ್ಲಿ ಆ ಹೂಂ ನಂಬಿಕೊಂಡಿದ್ದೆ. ಅವರಿಗೆ 54 ಆದಾಗ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಇದ್ದವರ ಬಾಯಿ ಸೊಟ್ಟಗಾಯ್ತು. ಲಕ್ವ. ಆಸ್ಪತ್ರೆಯಿಂದ ಬಂದ ಮೇಲೆ ಬಟ್ಟೆ ಒಗೆಯೋಣ ಅಂತ ಖಾಕಿ ಅಂಗಿ ತೆಗೆದರೆ ಜೇಬಿನಲ್ಲಿ ಮೂರು ಪಟ್ಟಿ ಮಾತ್ರೆ, ಒಂದೂ ಒಡೆದಿರಲಿಲ್ಲ. 'ನಾರ್ಮಲ್ ಐತಿ ಅಂದಿದ್ರಲ್ಲ' ಅಂದರು, ತೊದಲುತ್ತಾ. ಈಗ ಓಡಾಡುತ್ತಾರೆ, ಮಾತು ಸರಿಯಾಗಿದೆ. ಎಡಗೈ ಬೆರಳಿಗೆ ಮಾತ್ರ ಬಲ ಬರಲಿಲ್ಲ. ಬಲತೋಳಿನ ಗುಂಡಿ ಇವತ್ತಿಗೂ ನಾನೇ ಹಾಕಬೇಕು.

ಆದ್ದರಿಂದ ಕೇಳಿ. ಆ 126/82 ಮಾತ್ರೆ ಕೆಲಸ ಮಾಡಿದ್ದರ ಗುರುತು, ಬಿಪಿ ಹೋಯಿತು ಅನ್ನೋದರ ಗುರುತಲ್ಲ. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಏರುತ್ತೆ, ಏರಿದ್ದು ನಿಮಗೆ ಗೊತ್ತಾಗೋದೂ ಇಲ್ಲ. ತಲೆಸುತ್ತು ಬಂದರೆ ಮಾತ್ರ ಬಿಪಿ ಅಂತ ಅಂದುಕೊಳ್ಳೋದೇ ದೊಡ್ಡ ತಪ್ಪು. ಈ ವಾರವೇ ಡಾಕ್ಟರ ಹತ್ತಿರ ಹೋಗಿ, ನಿಲ್ಲಿಸಿದ್ದೇನೆ ಅಂತ ನಿಜ ಹೇಳಿ. ಬೈಯಬಹುದು, ಬೈಸಿಕೊಳ್ಳಿ. ಜೀವನ ಪೂರ್ತಿ ಬೇಕಾ ಅಂದರೆ, ಜಾಸ್ತಿ ಜನಕ್ಕೆ ಬೇಕು. ತೂಕ ಇಳಿಸಿ, ಉಪ್ಪು ಇಳಿಸಿ, ಬೀಡಿ ಸಿಗರೇಟು, ಕುಡಿತ ಬಿಟ್ಟು, ಡಾಕ್ಟರ ಕಣ್ಣೆದುರು ಡೋಸ್ ಕಡಿಮೆಯಾದವರೂ ಇದ್ದಾರೆ. ನಾವಾಗಿಯೇ ನಿಲ್ಲಿಸೋ ಹಾಗಿಲ್ಲ.

ಉಪ್ಪಿನ ವಿಷಯ ಬಂತಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದರೆ ಒಂದು ಟೀ ಚಮಚ. ನಮ್ಮ ದೇಶದ ಸಮೀಕ್ಷೆಯಲ್ಲಿ ಸರಾಸರಿ 8 ಗ್ರಾಂ ಬಂದಿದೆ. ಜಗಳೂರು ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ 'ನಾನು ಉಪ್ಪು ಹಾಕೋದೇ ಚೂರು' ಅಂದಳು. 'ಎಷ್ಟು ಚೂರು ತೋರಿಸವ್ವ' ಅಂತ ಒಲೆ ಮುಂದೆ ಕೂತೆ. ಬೇಳೆ ಕುದಿಯುವಾಗ ಐದು ಬೆರಳಲ್ಲಿ ಎತ್ತಿ ಒಂದು ಸಲ. ಒಗ್ಗರಣೆ ಬಿದ್ದ ಮೇಲೆ ಇನ್ನೊಂದು ಸಲ. ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಮುಖ ಕಿವುಚಿ, ಮೂರನೇ ಸಲ. ಪ್ರತಿ ಸಲವೂ ಅಷ್ಟೇ ಉಪ್ಪನ್ನು ನನ್ನ ಪೇಪರ್ ಮೇಲೆ ಹಾಕಿಸಿಕೊಂಡೆ. ಅಳೆದರೆ ಮೂರೂವರೆ ಚಮಚ, ನಾಲ್ಕು ಜನರ ಒಂದೇ ಹೊತ್ತಿನ ಸಾರಿಗೆ! ನಾಲ್ಕು ಜನರಿಗೆ ಇಡೀ ದಿನಕ್ಕೆ ನಾಲ್ಕು ಚಮಚ ಸಾಕು. ನಾನು ಉಪದೇಶ ಮಾಡಲಿಲ್ಲ. ಉಪ್ಪಿನ ಡಬ್ಬಿಗೆ ದಾರದಲ್ಲಿ ಒಂದು ಚಮಚ ಕಟ್ಟಿ ಬಂದೆ. ಎರಡು ತಿಂಗಳು ಬಿಟ್ಟು ಹೋದರೆ ಚಮಚ ಅಲ್ಲೇ ಇತ್ತು, ಅಜ್ಜಿ ಅದರಲ್ಲೇ ಗೋಪುರ ಕಟ್ಟಿ ಹಾಕುತ್ತಿದ್ದಳು. ಆಮೇಲೆ ಚಮಚದ ತಲೆ ಬೆರಳಲ್ಲಿ ಸವರೋದು ಕಲಿಸಿದೆ.

ನಿಮ್ಮ ಮನೆಯಲ್ಲೂ ಹಾಗೇ ಮಾಡಿ. ಒಂದೇ ಸಲ ಅರ್ಧಕ್ಕೆ ಇಳಿಸಿದರೆ ಮನೆಮಂದಿ ತಟ್ಟೆ ಸರಿಸುತ್ತಾರೆ. ವಾರ ವಾರ ಚೂರು ಚೂರು ಇಳಿಸಿ, ಕೆಲವೇ ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿ ಇವುಗಳಲ್ಲಿ ಒಂದು ಊಟಕ್ಕೆ ಒಂದೇ. ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾದಲ್ಲೂ ಸೋಡಿಯಂ ಇದೆ.

ಮಾತ್ರೆ ಮರೆಯದಿರಲು ಮೊಬೈಲ್ ಅಲಾರಂ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಎರಡನೇ ವಾರಕ್ಕೆ ಅಲಾರಂ ಒತ್ತಿ ಮಲಗುತ್ತೇವೆ. ನಮ್ಮನೆಯಲ್ಲಿ ಮಾತ್ರೆ ಪಟ್ಟಿ ಇರೋದು ದೇವರ ಜಗಲಿ ಮೇಲೆ, ವಿಭೂತಿ ಗಟ್ಟಿ ಪಕ್ಕ. ಯಜಮಾನರು ಸ್ನಾನ ಮಾಡಿ ವಿಭೂತಿ ಹಚ್ಚದೆ ಒಂದು ದಿನ ಇದ್ದವರಲ್ಲ. ಈಗ ವಿಭೂತಿ, ಮಾತ್ರೆ, ಆಮೇಲೆ ತಿಂಡಿ. ನೀವು ದಿನಾ ತಪ್ಪದೆ ಮಾಡುವ ಕೆಲಸ ಯಾವುದು ಅಂತ ಹುಡುಕಿ, ಅದರ ಬಾಲಕ್ಕೆ ಕಟ್ಟಿ. ಲಂಡನ್‌ನಲ್ಲಿ 96 ಜನರನ್ನು ಇಟ್ಟುಕೊಂಡು ಹೊಸ ಅಭ್ಯಾಸ ಎಷ್ಟು ದಿನಕ್ಕೆ ಕೂರುತ್ತೆ ಅಂತ ನೋಡಿದ್ದರು. ಸರಾಸರಿ 66 ದಿನ ಬಂತು. ಕೆಲವರಿಗೆ 18 ದಿನ, ಕೆಲವರಿಗೆ 254 ಅಂತ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಕೆಟ್ಟಿತು ಅಂತ ಬಿಡಬೇಡಿ. ಮಾತ್ರೆ ವಿಷಯದಲ್ಲಿ ಮಾತ್ರ, ತಪ್ಪಿದ್ದನ್ನು ಮರುದಿನ ಎರಡು ನುಂಗಿ ಸರಿ ಮಾಡಬೇಡಿ.

ಪ್ರಶ್ನೆ: ರಾಗಿ ಮುದ್ದೆ ತಿಂದರೆ ಶುಗರ್ ಏರಲ್ಲ, ಅಲ್ವಾ? ಎಷ್ಟು ಬೇಕಾದರೂ ತಿನ್ನಬಹುದು ಅಂತಾರೆ.
– ಚಿತ್ರದುರ್ಗದಿಂದ

ಯಾರು ಅಂತಾರೆ? ಮುದ್ದೆ ಕಟ್ಟುವವರಾ, ನುಂಗುವವರಾ? ರಾಗಿ ಒಳ್ಳೆಯದು, ಕ್ಯಾಲ್ಸಿಯಂ ಇದೆ, ನಾರಿದೆ. ಆದರೆ ಅದರಲ್ಲೂ ಪಿಷ್ಟ ಇದೆ, ಏರಿಸುತ್ತೆ. ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟಾದರೆ ಇನ್ನೂ ಬೇಗ. ನಿಮ್ಮ ಮುಷ್ಟಿಯಷ್ಟು ಒಂದು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು ಅಥವಾ ಕಾಳಿನ ಸಾರು. ಮುದ್ದೆ ಆದ ಮೇಲೆ 'ಒಂದು ತುತ್ತು ಅನ್ನ' ಅಂತ ಮತ್ತೊಂದು ಊಟ ಬೇಡ. ನವಣೆ, ಸಾಮೆಗೂ ಇದೇ ಮಾತು.

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನಲ್ಲಿ ಶಾಲಾ ಮಾಸ್ತರು. ಏಳನೇ ಕ್ಲಾಸಿನ ಹುಡುಗರ ಜೇಬಿನಲ್ಲಿ ಅಡಿಕೆ ಪುಡಿ ಪ್ಯಾಕೆಟ್ ಸಿಗುತ್ತಿದೆ. ಇಲ್ಲಿ ಎಲ್ಲರ ಅನ್ನ ಅಡಿಕೆಯಿಂದಲೇ. ಅಡಿಕೆ ಕ್ಯಾನ್ಸರ್ ತರುತ್ತೆ ಅಂತ ಕ್ಲಾಸಿನಲ್ಲಿ ಹೇಳಿದರೆ ಊರಿನವರು ಬಿಡುತ್ತಾರಾ? ಹೇಳಬೇಕೆಂದರೆ ನಾನೂ ಊಟದ ಮೇಲೆ ಎಲೆ ಅಡಿಕೆ ಹಾಕುತ್ತೇನೆ.

ಕೊನೆಯ ಸಾಲು ಬರೆದಿದ್ದಕ್ಕೆ ನಿಮ್ಮ ಮೇಲೆ ಗೌರವ ಬಂತು ಮೇಷ್ಟ್ರೇ.

ವಿಷಯ ಮುಚ್ಚಿಡೋ ಹಾಗಿಲ್ಲ. ತಂಬಾಕು ಸೇರಿಸದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಕ್ಯಾನ್ಸರಿಗೂ ಮುಂಚೆ ಬಾಯಿ ಬಿಗಿಯೋದು ಶುರುವಾಗುತ್ತೆ. ಕೆನ್ನೆಯ ಒಳಪದರ ಗಟ್ಟಿಯಾಗಿ, ಖಾರ ತಿಂದರೆ ಉರಿ ಬಂದು, ಬಾಯಿ ಪೂರ್ತಿ ತೆರೆಯೋಕೆ ಆಗಲ್ಲ. ಮಕ್ಕಳಿಗೆ ಒಂದು ಆಟ ಮಾಡಿಸಿ: ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ತೂರಿಸಲಿ. ತೂರದಿದ್ದವರ ಹೆಸರು ಕೂಗಬೇಡಿ. ಸುಮ್ನೆ ನೆನಪಿಟ್ಟುಕೊಂಡು ಅಪ್ಪ ಅಮ್ಮನ್ನ ಕರೆಸಿ, ದಂತ ವೈದ್ಯರಿಗೆ ತೋರಿಸಿ.

ಊರಿನ ವಿಷಯ. ತೋಟದ ಮಾತು ತೆಗೆಯಬೇಡಿ, ಬಾಯಿಯ ಮಾತಾಡಿ. ಕ್ವಿಂಟಲ್ ಅಡಿಕೆ ರೇಟು ನಿಮಗಿಂತ ಚೆನ್ನಾಗಿ ಆ ಹುಡುಗರಿಗೆ ಗೊತ್ತು. ಅಪ್ಪ ಬೆಳೆಯೋದನ್ನು ವಿಷ ಅಂದರೆ ಅವರು ಅಪ್ಪನ ಪಕ್ಷ ಹಿಡಿಯುತ್ತಾರೆ, ಹಿಡಿಯಲೇಬೇಕು. ಪ್ಯಾಕೆಟ್ ಎಲ್ಲಿಂದ ಬಂತು ಅಂತ ನೋಡಿ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧ ಇದೆ, ಅಂಗಡಿಯವರು ಪಾನ್ ಮಸಾಲ ಒಂದು, ತಂಬಾಕು ಒಂದು ಅಂತ ಎರಡು ಪ್ಯಾಕೆಟ್ ಕೊಡುತ್ತಾರೆ. ಶಾಲೆಯ ನೂರು ಮೀಟರ್ ಒಳಗೆ ತಂಬಾಕು ಮಾರೋ ಹಾಗಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಆ ಗೂಡಂಗಡಿ ಮಾತು ಎತ್ತಿ. ಪೇಟೆಯಲ್ಲಿ ನೂರು ಪೋಸ್ಟರ್ ಅಂಟಿಸೋದಕ್ಕಿಂತ ಹುಡುಗರು ಓಡಾಡುವ ದಾರಿಯಿಂದ ಒಂದು ಅಂಗಡಿ ಸರಿಸೋದು ಮೇಲು.

ಇನ್ನು ನೀವು. ನೀವು ಬಿಡುತ್ತಿದ್ದೀರಿ ಅಂತ ಮಕ್ಕಳಿಗೆ ಹೇಳಿಬಿಡಿ. ಬೋರ್ಡಿನ ಮೂಲೆಯಲ್ಲಿ ದಿನಾ ಒಂದು ಸಂಖ್ಯೆ ಬರೆಯಿರಿ: 1, 2, 3. ನಡುವೆ ಸೋತರೆ ಅಳಿಸಿ ಮತ್ತೆ 1 ಬರೆಯಿರಿ, ಅದನ್ನೂ ಮಕ್ಕಳು ನೋಡಲಿ. ಊಟದ ಮೇಲೆ ಬಾಯಿ ಚಡಪಡಿಸಿದರೆ ಸೋಂಪು, ಲವಂಗ ಇಟ್ಟುಕೊಳ್ಳಿ. ತಂಬಾಕೂ ಜೊತೆಗಿದ್ದರೆ 1800-11-2356ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡಿಲ್ಲ. ತಂಬಾಕು ಪ್ಯಾಕೆಟ್ಟಿನ ಮೇಲೇ ಅದೇ ನಂಬರ್ ಇರುತ್ತೆ, ಯಾರೂ ಓದಲ್ಲ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಮೂವತ್ತು ದಾಟಿದ ಎಲ್ಲರ ಸಿಬ್ಯಾಕ್ ಫಾರಂ (ಯಾರಿಗೆ ಕಾಯಿಲೆ ಬರೋ ಅಪಾಯ ಇದೆ ಅಂತ ನೋಡುವ ಪ್ರಶ್ನೆಪಟ್ಟಿ) ತುಂಬಿಸಿ ಬಿಪಿ, ಶುಗರ್ ನೋಡಿಸಬೇಕು. ಹೆಂಗಸರು ಬರುತ್ತಾರೆ. ಗಂಡಸರು 'ನನಗೇನಾಗೈತಿ, ಗುಂಡುಕಲ್ಲಿನಂಗ ಇದೀನಿ, ಇಲ್ಲದ ರೋಗ ಅಂಟಿಸಬ್ಯಾಡ' ಅಂತಾರೆ. ಮನೆಗೆ ಹೋದರೆ ಇರೋದೇ ಇಲ್ಲ. ಏನು ಮಾಡಲಿ ಅಕ್ಕಾ?
– ಹೊನ್ನಾಳಿ ತಾಲ್ಲೂಕು

ತಂಗೀ, ಮನೆಗೆ ಹೋಗೋದು ಬಿಡು. ಗಂಡಸರು ಹಗಲು ಮನೆಯಲ್ಲಿರಲ್ಲ, ಇದ್ದರೆ ಮಲಗಿರುತ್ತಾರೆ. ನಿಮ್ಮೂರಲ್ಲಿ ಹಾಲಿನ ಡೇರಿ ಇರಬೇಕಲ್ಲ? ಬೆಳಗ್ಗೆ ಆರು ಗಂಟೆಗೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಓಡಿಹೋಗೋಕಾಗಲ್ಲ, ಹಾಲು ಅಳೆಸಬೇಕು. ಅಲ್ಲಿ ಫ್ಯಾಟ್ ಎಷ್ಟು ಬಂತು ಅಂತ ಮೆಷೀನಿನಲ್ಲಿ ನೋಡಿಸಿಕೊಳ್ಳುತ್ತಾರೆ. 'ಎಮ್ಮೆ ಹಾಲಿನ ಫ್ಯಾಟ್ ನೋಡಿಸ್ತೀಯ, ನಿಂದು ನೋಡಿಸಲ್ವಾ ಅಣ್ಣಾ?' ಅಂತ ಕೇಳು. ಒಬ್ಬ ನಕ್ಕು ತೋಳು ಚಾಚಿದರೆ ಹಿಂದಿನವನೂ ಚಾಚುತ್ತಾನೆ. ಸಬ್‌ಸೆಂಟರಿನ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅವರನ್ನು ಒಪ್ಪಿಸಿ ಕರೆದುಕೊಂಡು ಹೋಗು, ಮೆಷೀನ್ ಅವರದ್ದು ಇರುತ್ತೆ. ಹಾಲು ಹಾಕೋಕೆ ಚಹಾ ಕುಡಿಯದೆ ಬಂದವನ ಶುಗರ್ ಕೂಡ ಖಾಲಿ ಹೊಟ್ಟೆಯದ್ದೇ ಸಿಗುತ್ತೆ.

ಸೊಂಟ ಅಳೆಯೋದಕ್ಕೆ ಹೆಣ್ಣುಮಗಳು ಟೇಪ್ ಹಿಡಿದು ಹೋದರೆ ಗಂಡಸರು ಹಿಂದೆ ಸರಿಯುತ್ತಾರೆ. ನಾನೊಂದು ಉಪಾಯ ಮಾಡುತ್ತಿದ್ದೆ. ಗಟ್ಟಿ ದಾರಕ್ಕೆ 90 ಸೆಂಟಿಮೀಟರಿಗೆ ಒಂದು ಗಂಟು ಹಾಕಿ ಅವರ ಕೈಗೇ ಕೊಡುತ್ತಿದ್ದೆ, ಹೆಂಗಸರ ದಾರಕ್ಕೆ 80ಕ್ಕೆ ಗಂಟು. ಸುತ್ತಿಕೊಂಡಾಗ ಗಂಟು ಮುಟ್ಟದಿದ್ದರೆ ಹೊಟ್ಟೆ ಜಾಸ್ತಿ. ಮಾತು ಶುರು ಮಾಡೋಕೆ ಉಡುದಾರ ಸಾಕು: 'ಮದುವೆ ಆದಾಗಿನಿಂದ ಉಡುದಾರ ಎಷ್ಟು ಸಲ ಸಡಿಲ ಮಾಡ್ಕೊಂಡಿದೀರಿ?' ಇಡೀ ಸಾಲು ನಗುತ್ತೆ, ಆದರೆ ಕೈ ತಾನಾಗಿಯೇ ಹೊಟ್ಟೆ ಮೇಲೆ ಹೋಗಿರುತ್ತೆ.

ಒಂದು ಕಥೆ ಹೇಳುತ್ತೇನೆ, ಬೆಣ್ಣೆ ದೋಸೆ ಊರಲ್ಲಿ ಕೂತು ಬೆಣ್ಣೆ ಬಿಟ್ಟವರ ಕಥೆ. ಫಿನ್ಲೆಂಡ್ ದೇಶದಲ್ಲಿ ಉತ್ತರ ಕರೇಲಿಯಾ ಅಂತ ಒಂದು ಸೀಮೆ. ಹೈನು ಕಸುಬಿನ ಜನ, ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಮೇಲೆ ಉಪ್ಪು, ಸಿಗರೇಟು. ನಲವತ್ತು ಐವತ್ತರ ಗಂಡಸರು ಹಾರ್ಟ್ ಅಟ್ಯಾಕಿನಲ್ಲಿ ಉದುರುತ್ತಿದ್ದರು. ಅಲ್ಲಿನ ಜನರೇ ಸರ್ಕಾರಕ್ಕೆ ಮೊರೆಯಿಟ್ಟು 1972ರಲ್ಲಿ ಒಂದು ಯೋಜನೆ ಶುರುವಾಯಿತು. ಪೆಕ್ಕಾ ಪುಸ್ಕಾ ಅನ್ನೋ ಯುವ ಡಾಕ್ಟರು ಮುಂದೆ ನಿಂತರು. ಮೊದಲು ಅವರೂ ಉಪದೇಶವನ್ನೇ ಮಾಡಿದ್ದಿರಬಹುದು, ನಮ್ಮ ಹಾಗೆ. ಕೆಲಸ ಕೊಟ್ಟಿದ್ದು ಬೇರೆ. ಊರಿನ ಮಹಿಳಾ ಸಂಘದವರ ಜೊತೆ ಸೇರಿ ಕಡಿಮೆ ಕೊಬ್ಬಿನ ಅಡುಗೆ ಮಾಡಿ ಉಣ್ಣಿಸಿದರು. ಹಳ್ಳಿಗಳಲ್ಲಿ ನಾಲ್ಕು ಜನ ಮಾತು ಕೇಳುವಂಥವರನ್ನು ಹುಡುಕಿ ತಯಾರು ಮಾಡಿದರು. ಕೊಲೆಸ್ಟ್ರಾಲ್ ಇಳಿಸೋದಕ್ಕೆ ಹಳ್ಳಿ ಹಳ್ಳಿಗೆ ಪಂದ್ಯ ಇಟ್ಟರು. ಬೆಣ್ಣೆ ಬಿಟ್ಟರೆ ನಾವು ಬದುಕೋದು ಹೇಗೆ ಅಂತ ಹೈನುಗಾರರು ಕೇಳಿದಾಗ ಬೆರ್ರಿ ಹಣ್ಣು ಬೆಳೆಯೋದಕ್ಕೆ ದಾರಿ ಮಾಡಿಕೊಟ್ಟರು. ನಲವತ್ತು ವರ್ಷದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯದ ಸಾವು ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಇಳಿಯಿತು. ಚನ್ನಗಿರಿ ಮೇಷ್ಟ್ರೂ ಇದನ್ನು ಓದಲಿ ಅಂತ ಇಷ್ಟು ಉದ್ದ ಬರೆದೆ.

ಆದ್ದರಿಂದ ಊರಲ್ಲಿ ಯಾರ ಮಾತು ನಡೆಯುತ್ತೆ ಅಂತ ನೀನು ಒಂದು ಪಟ್ಟಿ ಮಾಡು. ಪಂಚಾಯ್ತಿ ಮೆಂಬರೇ ಆಗಬೇಕಿಲ್ಲ. ಕ್ಷೌರದಂಗಡಿಯವನು, ಡೇರಿ ಸೆಕ್ರೆಟರಿ, ಭಜನೆ ಮಂಡಳಿಯ ತಬಲಾದವನು. ಅವರಲ್ಲಿ ಒಬ್ಬರ ಬಿಪಿ ಹಿಡಿತಕ್ಕೆ ಬಂದರೆ, ಆ ಕಥೆಯನ್ನು ನಿನ್ನ ಬದಲು ಅವರೇ ಹೇಳಿಕೊಂಡು ತಿರುಗುತ್ತಾರೆ.

ಸ್ತ್ರೀಶಕ್ತಿ ಸಂಘದ ವಾಟ್ಸಾಪ್ ಗ್ರೂಪಿನ ಹಾಗೆ ಗಂಡಸರದ್ದೂ ಒಂದು ಇದ್ದೇ ಇರುತ್ತೆ. ನಮ್ಮ ದೇಶದಲ್ಲೇ, ಶುಗರ್ ಬಾರ್ಡರ್‌ನಲ್ಲಿದ್ದ 537 ಗಂಡಸರ ಮೇಲೆ ಒಂದು ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಎರಡು ವರ್ಷ ಮೊಬೈಲಿಗೆ ಚಿಕ್ಕ ಚಿಕ್ಕ ಮೆಸೇಜ್ ಕಳಿಸಿದರು. ಅವರಲ್ಲಿ ನೂರಕ್ಕೆ 18 ಜನಕ್ಕೆ ಕಾಯಿಲೆ ಬಂತು, ಮೆಸೇಜ್ ಹೋಗದವರಲ್ಲಿ 27 ಜನಕ್ಕೆ. ಆ ಮೆಸೇಜುಗಳನ್ನು ಅವರವರ ಮನಸ್ಸಿನ ಹದ ನೋಡಿ ಬರೆದಿದ್ದರು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಅಲ್ಲ ಮತ್ತೆ! 'ಇವತ್ತು ಚಹಾಕ್ಕೆ ಸಕ್ಕರೆ ಅರ್ಧ ಚಮಚ' ಅಂಥದ್ದು, ದಿನಕ್ಕೊಂದು ಸಾಕು.

ಡೇರಿಯಲ್ಲಿ ಬಿಪಿ ನೋಡುವಾಗ ಎರಡು ವಿಷಯ ಮರೆಯಬೇಡ. ಕ್ಯಾನ್ ಹೊತ್ತು ಬಂದವನನ್ನು ಐದು ನಿಮಿಷ ಕೂರಿಸು. ಬೀಡಿ ಸೇದಿದ್ದರೆ, ಚಹಾ ಕುಡಿದಿದ್ದರೆ ಅರ್ಧ ಗಂಟೆ ಕಾಯಿಸು, ಇಲ್ಲದಿದ್ದರೆ ಸುಳ್ಳು ಬಿಪಿ ಬರುತ್ತೆ. ತೋಳಿನ ಪಟ್ಟಿ ದೊಡ್ಡ ಸೈಜಿನದ್ದೂ ಒಂದು ಕೇಳಿ ಇಸ್ಕೋ. ಮೂಟೆ ಹೊರುವವರ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ಆಮೇಲೆ 'ನಿಮ್ ಮೆಷೀನೇ ಸರಿಯಿಲ್ಲ' ಅಂತ ಅವರು ಮತ್ತೆ ಬರಲ್ಲ. ಮೊದಲ ವಾರ ಎಷ್ಟು ಜನ ತೋಳು ಚಾಚಿದರು ಅಂತ ಬರಿ.